ಯುನಿಕ್ಸ್ ಮನೆತನದ ಬಳುವಳಿ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನೀವೆಲ್ಲ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರೇ. ಈ ನೀತಿಯನ್ನು ಗಣಕಯಂತ್ರಕ್ಕೆ ಕಲಿಸಿದ ಇತಿಹಾಸವೂ ಸ್ವಾರಸ್ಯಕರವಾದುದು. ನನ್ನ ಶಿಷ್ಯರಲ್ಲಿ ಹಲವರು ಈಗ ಆ ವೃತ್ತಿಯಲ್ಲೇ ಇರುವುದರಿಂದ ಬರೆಯುವ ಮನಸ್ಸಾಯಿತು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಕಟ್ಟಲಾರಂಭಿಸಿದರು. ಅಲ್ಲಿ ಓಡುತ್ತಿರುವ ಪ್ರತಿ ಕ್ರಮವಿಧಿಗೂ 'ಪ್ರೋಸೆಸ್' ಎಂದು ಹೆಸರು. 'ಫೋರ್ಕ್' ಎಂಬ ಕರೆಯಿಂದ ಅದು ತನ್ನದೇ ಪ್ರತಿರೂಪವಾದ ಶಿಶುವನ್ನು ಹಡೆಯುತ್ತದೆ. ಇದಕ್ಕೆ ಬೇಕಾದದ್ದು 27 ಸಾಲು ಅಸೆಂಬ್ಲಿ ಸಂಕೇತ ಮಾತ್ರವೆಂದು ರಿಚಿ ದಾಖಲಿಸಿದ್ದಾರೆ. ಆದರೆ ಫೋರ್ಕ್ ಬಂದೊಡನೆ ಡೈರೆಕ್ಟರಿ ಬದಲಿಸುವ ಆಜ್ಞೆ ಕೆಲಸ ಮಾಡದಾಯಿತು! ಆಜ್ಞೆಯನ್ನು ಹೊತ್ತ ಶಿಶು ತನ್ನ ಜಾಗ ಬದಲಿಸಿಕೊಂಡು ಮರುಕ್ಷಣವೇ ಮಡಿಯುತ್ತಿತ್ತು. ತಾಯಿ ಇದ್ದಲ್ಲಿಯೇ ಇರುತ್ತಿತ್ತು. ಬಳುವಳಿ ತಾಯಿಯಿಂದ ಮಗುವಿಗೆ ಹೋಗುತ್ತದೆಯೇ ಹೊರತು ಮಗುವಿನಿಂದ ತಾಯಿಗಲ್ಲ. ಆದುದರಿಂದ ಆ ಆಜ್ಞೆಯನ್ನು ಶೆಲ್ ತಾನೇ ನಡೆಸಬೇಕಾಯಿತು. ಮಿತಿ ವಿಧಿಸುವ 'ಯುಲಿಮಿಟ್' ಆಜ್ಞೆಯೂ ಶೆಲ್ಲಿನೊಳಗೇ ಇರುವುದಕ್ಕೆ ಇದೇ ಕಾರಣ.

ಒಂದೇ ಯಂತ್ರವನ್ನು ಹಲವರು ಹಂಚಿಕೊಂಡಾಗ ಒಬ್ಬನ ಲೆಕ್ಕ ಹಾದಿ ತಪ್ಪಿದರೆ ಎಲ್ಲರ ಕೆಲಸಕ್ಕೂ ಸಂಚಕಾರ. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ 4.2ಬಿಎಸ್‌ಡಿ ಆವೃತ್ತಿ 'ಸೆಟ್‌ಆರ್‌ಲಿಮಿಟ್' ಕರೆಯನ್ನು ತಂದಿತು. ಸಿಪಿಯು ಕಾಲ, ಕಡತದ ಗಾತ್ರ ಮುಂತಾದವುಗಳಿಗೆ ಎರಡೆರಡು ಗೆರೆಗಳು: ಮೃದು ಮಿತಿ ಮತ್ತು ಕಠಿಣ ಮಿತಿ. ಮೃದು ಮಿತಿಯನ್ನು ಕಠಿಣ ಮಿತಿಯವರೆಗೆ ಏರಿಸಬಹುದು; ಕಠಿಣ ಮಿತಿಯನ್ನು ಸಾಮಾನ್ಯ ಬಳಕೆದಾರ ಇಳಿಸಬಲ್ಲ, ಮತ್ತೆ ಏರಿಸಲಾರ. ಎರಡೂ ಶಿಶುವಿಗೆ ಹಾಗೆಯೇ ಬರುತ್ತವೆ.

ತೊಡಕಿರುವುದು ಇಲ್ಲಿಯೇ. ನಮ್ಮಲ್ಲಿ ತಂದೆಯ ನಾಲ್ಕೆಕರೆ ನಾಲ್ವರು ಮಕ್ಕಳಿಗೆ ಒಂದೊಂದೆಕರೆಯಾಗಿ ಪಾಲಾಗುತ್ತದೆ. ಯುನಿಕ್ಸಿನಲ್ಲಿ ಮಿತಿ ಪಾಲಾಗುವುದಿಲ್ಲ, ನಕಲಾಗುತ್ತದೆ. 10 ಸೆಕೆಂಡು ಸಿಪಿಯು ಕಾಲದ ಮಿತಿಯುಳ್ಳ ಪ್ರೋಸೆಸ್ 100 ಮಕ್ಕಳನ್ನು ಹೆತ್ತರೆ ಪ್ರತಿಯೊಂದರ ಲೆಕ್ಕವೂ ಸೊನ್ನೆಯಿಂದಲೇ ಆರಂಭ. ಮಕ್ಕಳ ಪಾಲೇ ಒಟ್ಟು 1000 ಸೆಕೆಂಡು! ಮಕ್ಕಳ ಸಂಖ್ಯೆಗೆ ಬೇರೆ ಕಡಿವಾಣ ಹಾಕಬಹುದಾದರೂ ಮನೆಯ ಒಟ್ಟು ಖರ್ಚನ್ನು ಬರೆದಿಡುವ ಪುಸ್ತಕವೇ ಅಲ್ಲಿರಲಿಲ್ಲ.

ಲಿನಕ್ಸಿನಲ್ಲಿ ಆ ಪುಸ್ತಕವನ್ನು ತೆರೆದದ್ದು 'ಸಿಗ್ರೂಪ್'. 2006ರಲ್ಲಿ ಗೂಗಲ್ ಎಂಜಿನಿಯರುಗಳು ಆರಂಭಿಸಿದ ಈ ಕೆಲಸ 2008ರಲ್ಲಿ ಲಿನಕ್ಸ್ 2.6.24ರೊಳಗೆ ಸೇರಿತು. ಇಲ್ಲಿ ಶಿಶು ತಾಯಿಯ ಗುಂಪಿನಲ್ಲೇ ಹುಟ್ಟುತ್ತದೆ. ಮಿತಿ ಇಡೀ ಗುಂಪಿಗೆ. ಇಂದಿನ ಕಂಟೇನರುಗಳಿಗೆ ಇದೇ ಆಧಾರ.

ಪ್ರತಿಯೊಬ್ಬನೂ ತನ್ನ ಮಿತಿಯಲ್ಲಿದ್ದಾನೆಂದ ಮಾತ್ರಕ್ಕೆ ಮನೆ ಮಿತಿಯಲ್ಲಿದೆಯೆಂದು ಅರ್ಥವಲ್ಲ. 1983ರಿಂದ ಲೆಕ್ಕ ಹಾಕಿದರೆ, ಈ ಪಾಠಕ್ಕೆ 25 ವರ್ಷ ಹಿಡಿಯಿತು.