ಮೂಸಿಯ ಲೆಕ್ಕ ಬಿಡಿಸಿದ ಕನ್ನಡಿಗರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕನ್ನಂಬಾಡಿ ಕಟ್ಟೆ. ಆದರೆ ಕಟ್ಟೆ ಕಟ್ಟುವುದಕ್ಕೆ ಮೊದಲು ನೀರಿನ ನಡೆಯನ್ನು ಅರಿಯಬೇಕು. ಆ ವಿದ್ಯೆಯಲ್ಲಿ ಅವರಿಗಿದ್ದ ತಾಳ್ಮೆಗೆ ಹೈದರಾಬಾದಿನ ನಮ್ಮ ಮೂಸಿ ನದಿಯೇ ಸಾಕ್ಷಿಯಾಗಿದೆ.

1908ನೆಯ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿದು, ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಮನೆಗಳೂ ಸೇತುವೆಗಳೂ ಕೊಚ್ಚಿಹೋದವು. ಆಗ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರಕಾರವು ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿ ಅವರು ಹೆಸರಾಗಿದ್ದರು.

1909ರಲ್ಲಿ ಇಲ್ಲಿಗೆ ಬಂದವರು ಒಡನೆಯೇ ಗೋಡೆಯೆಬ್ಬಿಸಲು ಹೊರಡಲಿಲ್ಲ. ಅಷ್ಟು ನೀರು ಎಲ್ಲಿಂದ ಬಂದಿತೆಂಬುದನ್ನು ಮೊದಲು ತಿಳಿಯಬೇಕಾಗಿತ್ತು. ಮಳೆಯ ದಾಖಲೆಗಳನ್ನು ನೋಡಿದಾಗ, ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಸುರಿದಿತ್ತು. ನಗರದ ಮೇಲ್ಗಡೆ ಮೂಸಿಗೆ ನೀರುಣಿಸುವ ಸೀಮೆಯಲ್ಲಿ 788 ಕೆರೆಗಳಿದ್ದವು. ಹೆಚ್ಚುಕಡಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಆ ನೀರಿನ ಹೊಡೆತಕ್ಕೆ ಕೆಳಗಿನ ಕೆರೆಯೂ ನಿಲ್ಲಲಾರದು. ಹೀಗೆ ಸುರಿದ ಮಳೆಯೊಡನೆ ಕೂಡಿಟ್ಟ ನೀರೂ ಸೇರಿ ನಗರದ ಮೇಲೆ ನುಗ್ಗಿತ್ತು.

ಪರಿಹಾರವೂ ಈ ಲೆಕ್ಕದಿಂದಲೇ ಹೊರಟಿತು. ನಗರದ ಮೇಲ್ಗಡೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಜಲಾಶಯಗಳನ್ನು ಕಟ್ಟಿ, ಪ್ರವಾಹವನ್ನು ಅಲ್ಲಿಯೇ ತಡೆದು, ನದಿಯು ತಾಳುವಷ್ಟನ್ನು ಮಾತ್ರ ಕೆಳಕ್ಕೆ ಬಿಡಬೇಕೆಂದು ಅವರು ಸೂಚಿಸಿದರು. 1909ರ ಅಕ್ಟೋಬರಿನಲ್ಲಿ ವರದಿಯನ್ನೊಪ್ಪಿಸಿ, ಮರುತಿಂಗಳೇ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿ ತೆರಳಿದರು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿಯೂ ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು. ನೆರೆಯನ್ನು ತಡೆಯಲೆಂದು ಕಟ್ಟಿದ ಜಲಾಶಯಗಳು ದಶಕಗಳ ಕಾಲ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ಆದರೆ ನೀರಿನ ಲೆಕ್ಕವನ್ನು ಒಮ್ಮೆ ಬಿಡಿಸಿ ಮಡಿಸಿಡುವಂತಿಲ್ಲ. 2020ರ ಅಕ್ಟೋಬರಿನ ಮಳೆಗೆ ಹೈದರಾಬಾದಿನ ಪಲ್ಲೆ ಚೆರುವು, ಗುರ್ರಂ ಚೆರುವು ಎಂಬ ಕೆರೆಗಳು ಒಡೆದು ಬಡಾವಣೆಗಳು ಮುಳುಗಿದವು. 1909ರ ಆ ವರದಿಯ ಪಾಠವೇ ಮತ್ತೆ ಕಣ್ಣೆದುರು ನಿಂತಿತು: ಮೇಲಿನ ಕೆರೆಯನ್ನು ಮರೆತವರಿಗೆ ಕೆಳಗಿನ ಮನೆ ಭದ್ರವಲ್ಲ.

ಬದುಕನ್ನರಸಿ ಈ ಊರಿಗೆ ಬಂದ ನಮಗೆ ಇದು ಬರಿಯ ಅಭಿಮಾನದ ಕಥೆಯಾಗಬಾರದು. ಆರೇಳು ತಿಂಗಳು ಇಲ್ಲಿದ್ದ ಒಬ್ಬ ಕನ್ನಡಿಗರು ಈ ನೆಲದ ಕೆರೆಗಳನ್ನು ಒಂದೊಂದಾಗಿ ಲೆಕ್ಕಕ್ಕೆ ತಂದರು. ಬಾಳೆಲ್ಲ ಇಲ್ಲಿಯೇ ಕಳೆಯುವ ನಾವು ನಮ್ಮ ಬಡಾವಣೆಯ ಒಂದು ಕೆರೆಯ ಹೆಸರನ್ನಾದರೂ ಮಕ್ಕಳಿಗೆ ಹೇಳಿಕೊಡೋಣ.