ಡೆನ್ವರ್, 1968: ಮಾರ್ಲಿನ್ ಬ್ರಿಸ್ಕೋ ಮತ್ತು ಕ್ವಾರ್ಟರ್‌ಬ್ಯಾಕ್ ಸ್ಥಾನದ ವರ್ಣರೇಖೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1988ರ ಜನವರಿ 31ರಿಂದ ಮಾತು ತೆಗೆಯುತ್ತಾರೆ. ಅಂದು ವಾಷಿಂಗ್ಟನ್ ತಂಡದ ಡಗ್ ವಿಲಿಯಮ್ಸ್ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಎರಡನೇ ಕಾಲುಭಾಗವೊಂದರಲ್ಲೇ ನಾಲ್ಕು ಟಚ್‌ಡೌನ್ ಪಾಸ್ ಎಸೆದರು. ಡೆನ್ವರ್ ಬ್ರಾಂಕೋಸ್ 42–10ರಿಂದ ಸೋತಿತು. ಗೆಲುವಿನ ಕಥೆಗೆ ಅದು ತಕ್ಕ ದಿನವೇ ಸರಿ. ಆದರೆ ತಡೆ ಯಾವ ರೀತಿ ಕೆಲಸ ಮಾಡುತ್ತಿತ್ತು ಎಂಬುದು ತಿಳಿಯಬೇಕಾದರೆ ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ, ಅದೇ ಡೆನ್ವರ್ ತಂಡದ ಬಳಿಗೆ ಹೋಗಬೇಕು. ಅವಕಾಶವೇ ಸಿಗದೆ ಹೋದವರ ಸಾಮರ್ಥ್ಯದ ಬಗ್ಗೆ ನಾವು ಊಹೆ ಮಾಡಬಹುದಷ್ಟೆ. ಮಾರ್ಲಿನ್ ಬ್ರಿಸ್ಕೋಗೆ ಅವಕಾಶ ಸಿಕ್ಕಿತು, ಅವರು ಆಡಿ ತೋರಿಸಿದರು, ಆಮೇಲೂ ಆ ಸ್ಥಾನವನ್ನು ಕಿತ್ತುಕೊಳ್ಳಲಾಯಿತು. ಈ ಕಾರಣಕ್ಕೆ ಅವರ ವೃತ್ತಿಜೀವನ ಇಡೀ ಚರಿತ್ರೆಯ ಅತಿ ಮುಖ್ಯ ಸಾಕ್ಷ್ಯ ಎಂದು ನನಗನ್ನಿಸುತ್ತದೆ.

ಕ್ವಾರ್ಟರ್‌ಬ್ಯಾಕ್ ಎಂದರೆ ಹನ್ನೊಂದು ಮಂದಿಯ ಆಕ್ರಮಣಕ್ಕೆ ದಿಕ್ಕು ತೋರುವವನು. ಪ್ರತಿ ಆಟದ ಆರಂಭದಲ್ಲಿ ಚೆಂಡು ಅವನ ಕೈಗೆ ಬರುತ್ತದೆ. ಎದುರಾಳಿ ರಕ್ಷಣೆಯನ್ನು ಕ್ಷಣಾರ್ಧದಲ್ಲಿ ಓದಿ, ಎಸೆಯಬೇಕೋ, ಬೇರೆಯವರಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ತೀರ್ಮಾನಿಸುವವನು ಅವನೇ. 1970ರಲ್ಲಿ ಸಮಾಜಶಾಸ್ತ್ರಜ್ಞರಾದ ಜಾನ್ ಲಾಯ್ ಮತ್ತು ಜೋಸೆಫ್ ಮ್ಯಾಕೆಲ್‌ವೋಗ್, ಬೇಸ್‌ಬಾಲ್ ಮತ್ತು ಫುಟ್‌ಬಾಲ್ ತಂಡಗಳಲ್ಲಿ ಆಟದ ನಡುಗೇಂದ್ರದ ಸ್ಥಾನಗಳು ಬಹುತೇಕ ಬಿಳಿಯರ ಪಾಲಾಗಿವೆ, ಕಪ್ಪು ಆಟಗಾರರು ಅಂಚಿನ ಸ್ಥಾನಗಳಲ್ಲಿ ಗುಂಪುಗೂಡಿದ್ದಾರೆ ಎಂದು ತೋರಿಸಿದರು. ಮೈದಾನಕ್ಕೆ ಬರಲು ಬಿಟ್ಟರೂ ನಿರ್ಧಾರದ ಜಾಗಕ್ಕೆ ಬಿಡದ ವ್ಯವಸ್ಥೆ ಅದು. 1934ರಿಂದ 1945ರವರೆಗೆ ಅಮೆರಿಕದ ಮುಖ್ಯ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಆ ಬಹಿಷ್ಕಾರ ಮುಗಿದ ಮೇಲೂ ಕ್ವಾರ್ಟರ್‌ಬ್ಯಾಕ್ ಸ್ಥಾನದ ಬಾಗಿಲು ಮುಚ್ಚಿಯೇ ಇತ್ತು. 1953ರ ಅಕ್ಟೋಬರ್‌ನಲ್ಲಿ ಶಿಕಾಗೋ ಬೇರ್ಸ್ ಪರ ವಿಲ್ಲಿ ತ್ರೋವರ್ ಎಂಟು ಪಾಸ್ ಎಸೆದು ಮೂರನ್ನು ಮುಟ್ಟಿಸಿದರು. ಎನ್‌ಎಫ್‌ಎಲ್‌ನಲ್ಲಿ ಮತ್ತೆ ಅವರಿಗೆ ಪಾಸ್ ಎಸೆಯುವ ಅವಕಾಶ ಬರಲಿಲ್ಲ.

ಬ್ರಿಸ್ಕೋ ಹುಟ್ಟಿದ್ದು 1945ರಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಬೆಳೆದದ್ದು ನೆಬ್ರಾಸ್ಕಾದ ದಕ್ಷಿಣ ಓಮಾಹಾದಲ್ಲಿ, ಮಾಂಸ ಸಂಸ್ಕರಣಾ ಕಾರ್ಖಾನೆಗಳ ಸುತ್ತ ಬೆಳೆದ ಕಾರ್ಮಿಕರ ಬಡಾವಣೆಗಳ ನಡುವೆ. ಓಮಾಹಾ ವಿಶ್ವವಿದ್ಯಾಲಯದಲ್ಲಿ ಕೋಚ್ ಆಲ್ ಕನಿಗ್ಲಿಯಾ ಅವರನ್ನು ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿಸಿದರು. ಐದು ಸಾವಿರಕ್ಕೂ ಹೆಚ್ಚು ಯಾರ್ಡ್ ಪಾಸಿಂಗ್ ಅವರ ಹೆಸರಿಗೆ ಸೇರಿತು. ಹಿಡಿಯಲು ಬಂದವರ ಕೈಯಿಂದ ಜಾರಿಕೊಂಡು, ಓಡುತ್ತಲೇ ದೂರಕ್ಕೆ ಎಸೆಯುವ ಅವರನ್ನು ಅಭಿಮಾನಿಗಳು ‘ಮ್ಯಾಜಿಷಿಯನ್’ ಎಂದು ಕರೆದರು.

ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆಯ್ದುಕೊಳ್ಳುವ ಡ್ರಾಫ್ಟ್‌ನಲ್ಲಿ, 1968ರಲ್ಲಿ, ಡೆನ್ವರ್ ಅವರನ್ನು 14ನೇ ಸುತ್ತಿನಲ್ಲಿ ಆಯ್ದುಕೊಂಡದ್ದು ಕಾರ್ನರ್‌ಬ್ಯಾಕ್ ಆಗಿ, ಅಂದರೆ ರಕ್ಷಣೆಯ ಅಂಚಿನ ಆಟಗಾರನಾಗಿ. ಅದೇ ಡ್ರಾಫ್ಟ್‌ನಲ್ಲಿ ಓಕ್‌ಲ್ಯಾಂಡ್ ರೇಡರ್ಸ್ ಟೆನೆಸಿ ಸ್ಟೇಟ್‌ನ ಕಪ್ಪು ಕ್ವಾರ್ಟರ್‌ಬ್ಯಾಕ್ ಎಲ್ಡ್ರಿಜ್ ಡಿಕಿಯನ್ನು ಮೊದಲ ಸುತ್ತಿನಲ್ಲೂ ಅಲಬಾಮದ ಬಿಳಿಯ ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್‌ನನ್ನು ಎರಡನೇ ಸುತ್ತಿನಲ್ಲೂ ಆಯ್ದುಕೊಂಡಿತು. ಡಿಕಿ ಪಾಸ್ ಹಿಡಿಯುವ ರಿಸೀವರ್ ಆದರು, ಸ್ಟೇಬ್ಲರ್ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್ ಆದರು. ಈ ಎರಡು ತಂಡಗಳನ್ನು ಒಟ್ಟಿಗೆ ನೋಡಿದಾಗ, ಬ್ರಿಸ್ಕೋ ಹಿಂದೆ ಬಿದ್ದದ್ದು ಸಣ್ಣ ಕಾಲೇಜಿನವರೆಂಬ ಕಾರಣಕ್ಕೆ ಅಥವಾ ಐದು ಅಡಿ ಹತ್ತು ಇಂಚಿನ ಎತ್ತರದ ಕಾರಣಕ್ಕೆ ಎಂಬ ವಾದ ನಿಲ್ಲುವುದಿಲ್ಲ. ಡಿಕಿಗೆ ಮೊದಲ ಸುತ್ತಿನ ಮಾನ್ಯತೆಯೇ ಇತ್ತು.

ಬ್ರಿಸ್ಕೋ ತಮ್ಮ ಒಪ್ಪಂದವನ್ನು ತಾವೇ ಮಾತಾಡಿ ಕುದುರಿಸಿದರು. ತರಬೇತಿ ಶಿಬಿರದಲ್ಲಿ ಮೂರು ದಿನ ಕ್ವಾರ್ಟರ್‌ಬ್ಯಾಕ್ ಆಗಿ ಪರೀಕ್ಷೆ ಕೊಡಬೇಕು ಎಂಬುದೇ ಅವರ ಷರತ್ತು. ಶಿಬಿರದ ಅಭ್ಯಾಸವನ್ನು ಪತ್ರಕರ್ತರೂ ಜನರೂ ನೋಡುತ್ತಾರೆ ಎಂಬ ಲೆಕ್ಕ ಅದರ ಹಿಂದಿತ್ತು. ತಂಡದೊಳಗಿನವರು ಕಣ್ಣು ಮುಚ್ಚಿಕೊಂಡರೂ ಹೊರಗಿನವರು ನೋಡಿರುತ್ತಾರೆ! ಇಪ್ಪತ್ತೆರಡು ವರ್ಷದ ಹುಡುಗನೊಬ್ಬನ ಈ ಮುಂದಾಲೋಚನೆಯನ್ನು ಚರಿತ್ರಕಾರರು ಇನ್ನಷ್ಟು ಗಮನಿಸಬೇಕಿತ್ತು. ಪರೀಕ್ಷೆಯ ನಂತರ ಅವರನ್ನು ರಕ್ಷಣೆಗೇ ಕಳಿಸಲಾಯಿತು. ಆದರೆ ಮುಖ್ಯ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಟೆನ್ಸಿ ಗಾಯಗೊಂಡು, ಬದಲಿ ಆಟಗಾರರೂ ಸೋತಾಗ ಕೋಚ್ ಲೂ ಸೇಬನ್‌ಗೆ ಆ ಮೂರು ದಿನಗಳು ನೆನಪಾಗಿರಬೇಕು. ಸೆಪ್ಟೆಂಬರ್ 29ರಂದು ಬಾಸ್ಟನ್ ಪೇಟ್ರಿಯಟ್ಸ್ ವಿರುದ್ಧ ಕೊನೆಯ ಕಾಲುಭಾಗದಲ್ಲಿ ಅವರು ಬ್ರಿಸ್ಕೋರನ್ನು ಕಣಕ್ಕಿಳಿಸಿದರು. ತಂಡ ಸೋತರೂ ಬ್ರಿಸ್ಕೋ ದೀರ್ಘ ಆಕ್ರಮಣವೊಂದನ್ನು ನಡೆಸಿ ತಾವೇ ಓಡಿ ಟಚ್‌ಡೌನ್ ಗಳಿಸಿದರು. ಅಕ್ಟೋಬರ್ 6ರಂದು ಸಿನ್ಸಿನಾಟಿ ವಿರುದ್ಧ ಆರಂಭದಿಂದಲೇ ಆಡಿದರು. ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿದ್ದ, ಡೆನ್ವರ್ ಆಗ ಆಡುತ್ತಿದ್ದ ಎಎಫ್‌ಎಲ್ ಲೀಗ್‌ನಲ್ಲಿ ಹೀಗೆ ಆಟ ಆರಂಭಿಸಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರು. ನವೆಂಬರ್‌ನಲ್ಲಿ ಬಫಲೋ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಟಚ್‌ಡೌನ್ ಪಾಸ್ ಎಸೆದರು.

ಆ ಋತುವಿನಲ್ಲಿ ಅವರು ಆರಂಭಿಸಿದ್ದು ಐದೇ ಪಂದ್ಯ. ಎಸೆದ 224 ಪಾಸ್‌ಗಳಲ್ಲಿ 93 ಮುಟ್ಟಿದವು. ಒಟ್ಟು 1,589 ಯಾರ್ಡ್, 14 ಟಚ್‌ಡೌನ್, 13 ಇಂಟರ್‌ಸೆಪ್ಷನ್ (ಎದುರಾಳಿಯ ಕೈ ಸೇರಿದ ಪಾಸ್). ಮುಟ್ಟಿದ ಪಾಸ್‌ಗಳ ಪ್ರಮಾಣ ಶೇ. 42ನ್ನೂ ದಾಟುವುದಿಲ್ಲ, ಅದನ್ನು ಮರೆಮಾಚಬೇಕಿಲ್ಲ. ಆದರೆ ಮುಟ್ಟಿದ ಪ್ರತಿ ಪಾಸ್ ಸರಾಸರಿ 17 ಯಾರ್ಡ್ ತಂದಿತು. ಅವರು ಎಸೆಯುತ್ತಿದ್ದುದು ದೂರದ, ಅಪಾಯದ ಪಾಸ್‌ಗಳನ್ನು. ಹೋಲಿಕೆಗೆ ಡೆನ್ವರ್‌ನದೇ ಆರಾಧ್ಯ ಆಟಗಾರ ಜಾನ್ ಎಲ್ವೇ ಅವರ ಮೊದಲ ಋತುವನ್ನು ತೆಗೆದುಕೊಳ್ಳೋಣ. 1983ರಲ್ಲಿ ಎಲ್ವೇ ಹತ್ತು ಪಂದ್ಯ ಆರಂಭಿಸಿದರು. 1,663 ಯಾರ್ಡ್, 7 ಟಚ್‌ಡೌನ್, 14 ಇಂಟರ್‌ಸೆಪ್ಷನ್. ತಂಡ ಅವರಿಗಾಗಿ ಕಾಯಿತು. ಕಾದದ್ದು ಸರಿಯೂ ಆಗಿತ್ತು. ಆ ತಾಳ್ಮೆ ಬ್ರಿಸ್ಕೋ ಪಾಲಿಗೆ ಬರಲಿಲ್ಲ.

1969ರಲ್ಲಿ ಡೆನ್ವರ್ ಕೆನಡಾದ ಲೀಗ್‌ನಿಂದ ಪೀಟ್ ಲಿಸ್ಕೆಯನ್ನು ಕರೆತಂದಿತು. ಪದವಿ ಮುಗಿಸಲು ಓಮಾಹಾದಲ್ಲಿದ್ದ ಬ್ರಿಸ್ಕೋಗೆ, ತಮ್ಮನ್ನು ಬಿಟ್ಟು ಕ್ವಾರ್ಟರ್‌ಬ್ಯಾಕ್‌ಗಳ ಸಭೆಗಳು ನಡೆಯುತ್ತಿವೆ ಎಂಬ ಸುದ್ದಿ ಡೆನ್ವರ್‌ನಲ್ಲಿದ್ದ ಬಂಧುವಿನಿಂದ ತಿಳಿಯಿತು. ಅವರು ಬಿಡುಗಡೆ ಕೇಳಿ ಹೊರಬಂದರು. ಚರ್ಚೆಯಿಲ್ಲ, ಪೈಪೋಟಿಯಿಲ್ಲ, ಕರೆಯದೆ ಇರುವುದರಲ್ಲೇ ಎಲ್ಲ ಮುಗಿದುಹೋಯಿತು. ವರ್ಣಭೇದದ ಅಧ್ಯಯನಕ್ಕೆ ಇದು ಬಹಳ ಮುಖ್ಯ, ಏಕೆಂದರೆ ಲಿಖಿತ ನಿಯಮವನ್ನು ಹುಡುಕುವ ಸಂಶೋಧಕನ ಕೈಗೆ ಇಂಥದ್ದು ಎಂದೂ ಸಿಕ್ಕುವುದಿಲ್ಲ.

ಬಫಲೋ ಬಿಲ್ಸ್ ಸೇರಿದಾಗ ಅಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬರವಿರಲಿಲ್ಲ. ಹಿಂದೆಂದೂ ಆಡಿರದ ವೈಡ್ ರಿಸೀವರ್ ಸ್ಥಾನವನ್ನು ಬ್ರಿಸ್ಕೋ ಅಲ್ಲಿ ಕಲಿತರು. 1970ರಲ್ಲಿ, ಕೇವಲ ಮೂರು ಪಂದ್ಯ ಗೆದ್ದ ತಂಡದಲ್ಲಿ, 57 ಪಾಸ್ ಹಿಡಿದು 1,036 ಯಾರ್ಡ್ ಗಳಿಸಿ ತಾರಾ ಆಟಗಾರರ ಪ್ರೊ ಬೌಲ್ ಪಂದ್ಯಕ್ಕೆ ಆಯ್ಕೆಯಾದರು. ಮುಂದೆ ಮಯಾಮಿ ಡಾಲ್ಫಿನ್ಸ್‌ಗೆ ಹೋದರು; 1972ರಲ್ಲಿ ಹದಿನೇಳಕ್ಕೆ ಹದಿನೇಳೂ ಪಂದ್ಯ ಗೆದ್ದ ಆ ತಂಡದಲ್ಲಿದ್ದರು, ಸತತ ಎರಡು ಸೂಪರ್ ಬೌಲ್ ಗೆದ್ದರು. ಈ ಯಶಸ್ಸನ್ನು ಕೆಲವರು ಸುಖಾಂತ್ಯವೆಂದು ಓದುತ್ತಾರೆ. ನಾನು ಒಪ್ಪಲಾರೆ. ರಿಸೀವರ್ ಆಗಿ ಅವರು ಮೆರೆದಷ್ಟೂ, ಸ್ಥಾನ ಬದಲಿಸಿದ್ದೇ ಸರಿಯಾಯಿತು ಎನ್ನುವವರಿಗೆ ಬಲ ಬಂದಿತು.

ಬಫಲೋದಲ್ಲಿ ಅವರ ಜೊತೆ ಕೋಣೆ ಹಂಚಿಕೊಂಡಿದ್ದವರು ಗ್ರ್ಯಾಂಬ್ಲಿಂಗ್ ಕಾಲೇಜಿನ ಜೇಮ್ಸ್ ಹ್ಯಾರಿಸ್. ಹ್ಯಾರಿಸ್ ಕ್ವಾರ್ಟರ್‌ಬ್ಯಾಕ್ ಆಗಿಯೇ ಉಳಿದು, 1974ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡವನ್ನು ಮುನ್ನಡೆಸಿದರು. 1978ರಲ್ಲಿ ರೋಸ್ ಬೌಲ್ ಗೆದ್ದ ವಾರೆನ್ ಮೂನ್ ಸ್ಥಾನ ಬದಲಿಸಲು ಒಪ್ಪದೆ ಕೆನಡಾಕ್ಕೆ ಹೋದರು. ಅಲ್ಲಿನ ಎಡ್ಮಂಟನ್ ಪರ ಸತತ ಐದು ಗ್ರೇ ಕಪ್ ಪ್ರಶಸ್ತಿ ಗೆದ್ದು, 1984ರಲ್ಲಿ ಅಮೆರಿಕಕ್ಕೆ ಮರಳಿ ಹ್ಯೂಸ್ಟನ್ ತಂಡ ಸೇರಿ, 2006ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಬ್ರಿಸ್ಕೋ ಸ್ಥಾನ ಬಿಟ್ಟು ದೇಶದಲ್ಲಿ ಉಳಿದರು, ಮೂನ್ ದೇಶ ಬಿಟ್ಟು ಸ್ಥಾನ ಉಳಿಸಿಕೊಂಡರು. ಎರಡಕ್ಕೂ ಬೆಲೆ ತೆತ್ತವರು ಆಟಗಾರರೇ.

1976ರಲ್ಲಿ ನಿವೃತ್ತರಾದ ಬ್ರಿಸ್ಕೋ ಲಾಸ್ ಏಂಜಲೀಸ್‌ನಲ್ಲಿ ಮಾದಕ ವ್ಯಸನಕ್ಕೆ ಬಿದ್ದು, ಸೂಪರ್ ಬೌಲ್ ಉಂಗುರಗಳನ್ನೂ ಕಳೆದುಕೊಂಡರು. ಆಮೇಲೆ ಅದರಿಂದ ಹೊರಬಂದು ಮಕ್ಕಳ ಸಂಸ್ಥೆಯೊಂದರಲ್ಲಿ ದುಡಿದರು. 2016ರಲ್ಲಿ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಅದೇ ವರ್ಷ ಓಮಾಹಾದಲ್ಲಿ ಅವರ ಪ್ರತಿಮೆ ನಿಂತಿತು. 2022ರ ಜೂನ್ 27ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್ ಎದುರಾದಾಗ, ಸೂಪರ್ ಬೌಲ್‌ನಲ್ಲಿ ಎರಡೂ ತಂಡಗಳನ್ನು ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳೇ ಮುನ್ನಡೆಸಿದ್ದು ಅದೇ ಮೊದಲು. ಡೆನ್ವರ್ ತಂಡದಲ್ಲಿ ಮೊದಲ ಋತುವಿನ ಆಟಗಾರನೊಬ್ಬನ ಗರಿಷ್ಠ ಟಚ್‌ಡೌನ್ ಪಾಸ್‌ಗಳು ಎಂಬ ಬ್ರಿಸ್ಕೋ ಅವರ 14ರ ದಾಖಲೆ ಐವತ್ತಾರು ವರ್ಷ ಉಳಿಯಿತು. 2024ರಲ್ಲಿ ಅದನ್ನು ಮುರಿದ ಬೋ ನಿಕ್ಸ್‌ಗೆ ಋತುವಿನ ಹದಿನೇಳೂ ಪಂದ್ಯಗಳನ್ನು ಆರಂಭಿಸುವ ಅವಕಾಶ ಸಿಕ್ಕಿತ್ತು.