‘ಕೋಮಾ’ ಕಾದಂಬರಿ: ಕಲ್ಪನೆಯೆಷ್ಟು, ವಿಜ್ಞಾನವೆಷ್ಟು?

ವೈದ್ಯಕೀಯ ರೋಚಕ ಕಾದಂಬರಿಗಳನ್ನು ಓದುವಾಗ ನನ್ನಲ್ಲಿ ಎರಡು ಪ್ರಶ್ನೆಗಳು ಮೂಡುತ್ತವೆ: ಇದು ದೇಹದಲ್ಲಿ ಸಾಧ್ಯವೇ? ಆಸ್ಪತ್ರೆಯಲ್ಲಿ ಸಾಧ್ಯವೇ? ಸ್ವತಃ ವೈದ್ಯರಾದ ರಾಬಿನ್ ಕುಕ್ ಅವರ ‘ಕೋಮಾ’ (1977) ಇದಕ್ಕೊಂದು ನಿದರ್ಶನ. ಬಾಸ್ಟನ್ನಿನ ಕಾಲ್ಪನಿಕ ಆಸ್ಪತ್ರೆಯೊಂದರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಗೆ ಬಂದವರು ಮತ್ತೆ ಎಚ್ಚರಗೊಳ್ಳುವುದಿಲ್ಲ. ಆಮ್ಲಜನಕದ ಕೊಳವೆಗೆ ಗುಟ್ಟಾಗಿ ಕಾರ್ಬನ್ ಮೊನಾಕ್ಸೈಡ್ ಸೇರಿಸಿದವರ ಕಣ್ಣು ರೋಗಿಗಳ ಅಂಗಾಂಗಗಳ ಮೇಲೆ.

ಮೊದಲ ಪ್ರಶ್ನೆಗೆ ಉತ್ತರ ‘ಹೌದು’. ಈ ಅನಿಲವು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ರಕ್ತ ಕೆಂಪಾಗಿಯೇ ಉಳಿಯುವುದರಿಂದ ಉಸಿರುಗಟ್ಟಿದವರಲ್ಲಿ ಕಾಣುವ ನೀಲಿ ಛಾಯೆ ಮೂಡದು. ಮಿದುಳಿಗೆ ಮಾತ್ರ ಆಮ್ಲಜನಕ ತಲುಪದು.

ಎರಡನೆಯದಕ್ಕೆ ಉತ್ತರ ಹೇಳುವ ಮೊದಲು ಒಂದು ಭೇದವನ್ನು ಅರಿಯಬೇಕು. ಕೋಮಾದಿಂದ ಚೇತರಿಕೆ ಸಾಧ್ಯವಿದೆ; ಮಿದುಳು ಸತ್ತರೆ ಮರಳುವ ದಾರಿಯಿಲ್ಲ. 1968ರಲ್ಲಿ ಹಾರ್ವರ್ಡ್ ಸಮಿತಿಯೊಂದು ಮಿದುಳು ಸಾವಿಗೆ ಮಾನದಂಡಗಳನ್ನು ರೂಪಿಸಿತು. ಅದನ್ನು ನಿರ್ಧರಿಸುವ ವೈದ್ಯರು ಅಂಗ ಕಸಿ ತಂಡದವರಾಗಿರಬಾರದೆಂಬುದು ಇಂದಿನ ನಿಯಮ. ಅಂಗಗಳ ಮಾರಾಟವನ್ನು ಅಮೆರಿಕವು 1984ರಲ್ಲಿ, ಭಾರತವು 1994ರಲ್ಲಿ ಕಾನೂನಿನ ಮೂಲಕ ನಿಷೇಧಿಸಿದವು. ಆದರೂ ಕಳ್ಳವ್ಯಾಪಾರ ಪೂರ್ತಿ ನಿಂತಿಲ್ಲ. ಕುಕ್ ಅವರ ಎಚ್ಚರಿಕೆಯ ತಿರುಳು ಹುಸಿಯಲ್ಲ.

ಇಲ್ಲಿ ಚಾಲನಾ ಪರವಾನಗಿ ಪಡೆಯುವಾಗ ಅಂಗದಾನದ ಪ್ರಶ್ನೆ ನಮ್ಮೆಲ್ಲರಿಗೂ ಎದುರಾಗುತ್ತದೆ. ಕಾದಂಬರಿಯ ರೋಮಾಂಚನವನ್ನು ಸವಿಯೋಣ; ಉತ್ತರವನ್ನು ಮಾತ್ರ ಈ ಭೇದವನ್ನು ತಿಳಿದೇ ಬರೆಯೋಣ.